ದೇವದಾರು ಬೇಡ

ಜನವರಿ 12

ಪುಸ್ತಕ ಕಟ್ಟುವ ಮಹಾರಾಣಿಗೆ,

ಏನಿದ್ದರೂ ಬರೆದು ತಿಳಿಸಿ, ಫೋನಿನಲ್ಲಿ ಮಾತಾಡಲು ಹೋಗಬೇಡಿ ಎಂದು ನಿನ್ನ ವಕೀಲರೂ ನನ್ನ ವಕೀಲರೂ ಒಂದೇ ಬಾಯಲ್ಲಿ ಹೇಳಿದ್ದಾರೆ. ಅವರಿಬ್ಬರೂ ಈವರೆಗೆ ಒಪ್ಪಿಕೊಂಡದ್ದು ಇದೊಂದೇ ವಿಷಯ. ಅದಕ್ಕೇ ಈ ಕಾಗದ.

ನಾವು ಸಾಕಿದ ಎರಡು ಇಲಿಗಳ ಬಗ್ಗೆ ಬರೆಯುತ್ತಿದ್ದೇನೆ. ಬೂದಿಯೂ ಗೊಣಗಿಯೂ ಆರೋಗ್ಯವಾಗಿವೆ. ತಿನ್ನುತ್ತವೆ, ಜಗಳವಾಡುತ್ತವೆ, ಒಂದರ ಮೇಲೊಂದು ಬಿದ್ದು ಮಲಗುತ್ತವೆ. ಆದರೆ ನಿನ್ನ ಮನೆಯಲ್ಲಿದ್ದಾಗ ಮೂಲೆಯ ಟ್ರೇಗೆ ಹೋಗಿ ಮರ್ಯಾದೆಯಿಂದ ಕೆಲಸ ಮುಗಿಸಿ ಬರುತ್ತಿದ್ದವಲ್ಲ, ಇಲ್ಲಿಗೆ ಬಂದ ಮೇಲೆ ಆ ಮರ್ಯಾದೆಯನ್ನೇ ಮರೆತಿವೆ. ಟ್ರೇ ಇಟ್ಟಿದ್ದೇನೆ. ಅದರಲ್ಲಿ ಮಲಗುತ್ತವೆ. ಹಿಕ್ಕೆ ಮಾತ್ರ ಎಲ್ಲೆಂದರಲ್ಲಿ. ಉಚ್ಚೆಯ ಕಥೆ ಹೇಳುವುದೇ ಬೇಡ.

ಇಲ್ಲಿ ಪರದೆ ಹೊಲಿಯುವ ಕೆಲಸ ನಡೆಯುತ್ತದೆ ಎಂದು ನಿನಗೆ ಗೊತ್ತು. ಮುಂದಿನ ಕೋಣೆಯ ತುಂಬ ಗಿರಾಕಿಗಳ ಬಟ್ಟೆ. ನೆಲದ ಮೇಲೇ ಹಾಸಿ ಅಳೆಯಬೇಕು, ಕತ್ತರಿಸಬೇಕು. ಮೊನ್ನೆ ಯಾರೋ ಡಾಕ್ಟರಮ್ಮನ ಬಿಳಿ ಪರದೆಯ ಮೇಲೆ ಬೂದಿ ಓಡಾಡಿದ ದಾರಿಯುದ್ದಕ್ಕೂ ಹಳದಿ ಚುಕ್ಕೆ. "ಇದೇನು, ಇಲಿನೋ ಸೋರೋ ನಲ್ಲಿನೋ?" ಎಂದು ಪರದೆ ಹೊಲಿಯುವ ಇವಳು ಕೇಳಿದಳು. ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

ಟ್ರೇ ಕೆಲಸವನ್ನೆಲ್ಲ ನೀನೇ ನೋಡಿಕೊಳ್ಳುತ್ತಿದ್ದೆ. ಎಲ್ಲಿಡುತ್ತಿದ್ದೆ, ಏನು ಹಾಕುತ್ತಿದ್ದೆ, ಹೇಗೆ ಕಲಿಸಿದೆ, ಬರೆದು ಕಳಿಸು. ಇಲಿಗಳ ಒಳ್ಳೆಯದಕ್ಕೆ ಕೇಳುತ್ತಿದ್ದೇನೆ, ನನಗಾಗಿ ಅಲ್ಲ.

ಇಂತಿ,
ಬಡಗಿ


ಜನವರಿ 18

ಬಡಗಿ ಮಹಾರಾಯನಿಗೆ,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳುವ ಆಸೆ ಇಲ್ಲ. ಜೊತೆಯಲ್ಲಿದ್ದಷ್ಟು ಕಾಲವೂ ನಿನ್ನನ್ನು 'ನೀವು' ಎಂದೇ ಕರೆದೆ. ಬೇರೆಯಾದ ಮೇಲೆ ನನಗೆ ಸಿಕ್ಕ ಮೊದಲ ಸುಖ ಈ 'ನೀನು'.

ಸಾಮಾನು ಹಂಚಿಕೊಂಡ ದಿನ ವಕೀಲರ ಮುಂದೆ ಏನೆಂದೆ, ನೆನಪಿದೆಯಾ? "ಅಲ್ಮೇರಾ ಅವಳೇ ಇಟ್ಕೊಳ್ಳಲಿ, ಮಂಚ ಅವಳೇ ಇಟ್ಕೊಳ್ಳಲಿ, ನಂಗೆ ಆ ಎರಡು ಇಲಿ ಸಾಕು." ಇಬ್ಬರು ವಕೀಲರೂ ನಿನ್ನನ್ನು ಯಾವುದೋ ಸಾಧುವನ್ನು ನೋಡುವಂತೆ ನೋಡಿದರು. ಒಂದು ದಿನ ಪಂಜರ ತೊಳೆಯದವನು, ಒಂದು ಹಿಡಿ ಕಾಳು ಹಾಕದವನು ಇಲಿಗಳನ್ನು ಯಾಕೆ ಕೇಳಿದ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಎಲ್ಲಿ ಮುಟ್ಟಿದರೆ ನನಗೆ ನೋಯುತ್ತದೆ ಎಂದು ಹುಡುಕಿ ಅಲ್ಲೇ ಕೈ ಹಾಕಿದೆ. ಇರಲಿ. ಕೇಳಿದ್ದೀಯ, ಹೇಳುತ್ತೇನೆ.

ಇಲಿಗೆ ಶುಚಿ ಮುಖ್ಯ. ಟ್ರೇಯನ್ನು ದಿನಾ ಬೆಳಿಗ್ಗೆ ಬಿಸಿನೀರು, ಸೋಪು ಹಾಕಿ ತಿಕ್ಕಿ ತೊಳೆ. ಹಿಂದಿನ ದಿನದ ವಾಸನೆ ಒಂದಿಷ್ಟೂ ಉಳಿಯಬಾರದು. ಉಳಿದರೆ ಮೂಗು ಮುರಿದು ಬೇರೆ ಕಡೆ ಹೋಗುತ್ತವೆ. ಟ್ರೇ ಎಲ್ಲಿರಬೇಕೆಂದು ತೀರ್ಮಾನಿಸಬೇಕಾದವನು ನೀನು, ಅವಲ್ಲ. ಕಾಳಿನ ಬಟ್ಟಲಿನ ಪಕ್ಕದಲ್ಲೇ ಇಟ್ಟುಬಿಡು. ಟ್ರೇಗೆ ಏನು ಹಾಕುತ್ತೀಯೋ ಅದನ್ನೇ ಪಂಜರದ ತುಂಬ ಹರಡು, ಆಗ ಅವಕ್ಕೆ ಗೊಂದಲವಾಗುವುದಿಲ್ಲ. ಸಂಜೆ ಹೊರಗೆ ಬಿಡುವಾಗ ಮೆತ್ತನೆಯ ಜಾಗದಲ್ಲಿ ಬಿಡು: ಸೋಫಾ, ದಿಂಬು, ಬಟ್ಟೆಯ ರಾಶಿ. ಕಾಲಿಗೆ ಮೆತ್ತಗೆ ಸಿಕ್ಕಿದರೆ ತಡೆದುಕೊಳ್ಳುವುದನ್ನು ತಾವಾಗಿಯೇ ಕಲಿಯುತ್ತವೆ.

ಇನ್ನೊಂದು ವಿಷಯ. ನಿನ್ನ ಅಂಗಡಿಯ ದೇವದಾರು ಮರದ ಹೊಟ್ಟು ಮಾತ್ರ ಹಾಕಬೇಡ. ಆ ಘಮ ಇಲಿಗಳ ಎದೆಗೆ ಆಗುವುದಿಲ್ಲ. ಹಿಂದೆಯೂ ಹೇಳಿದ್ದೆ. "ನನ್ ಕೆಲಸ ಕಂಡ್ರೇ ನಿಂಗೆ ಹೊಟ್ಟೆಕಿಚ್ಚು" ಎಂದು ಕಾಲು ಕೆರೆದು ಜಗಳಕ್ಕೆ ಬಂದಿದ್ದೆ. ಬಿಳಿ ಹಾಳೆಯ ಚೂರು ಹಾಕು, ಸಾಕು.

ಇಂತಿ,
ನಿನ್ನ ಯಾರೂ ಅಲ್ಲದವಳು


ಜನವರಿ 18

ಅಕ್ಕಾ,

ಅವನ ಕಾಗದ ಬಂತು. ಇಲಿಗಳು ಪರದೆಯವಳ ಮನೆಯನ್ನೆಲ್ಲ ಒದ್ದೆ ಮಾಡಿವೆಯಂತೆ. ಓದಿ ಹಾಸಿಗೆಯ ಮೇಲೆ ಬಿದ್ದು ನಕ್ಕೆ. ಆಮೇಲೆ ಅತ್ತೆ. ಆಮೇಲೆ ಎದ್ದು ಮುಖ ತೊಳೆದು ಉತ್ತರ ಬರೆದೆ. ಎಲ್ಲವನ್ನೂ ತಲೆಕೆಳಗು ಮಾಡಿ ಬರೆದೆ.

ನಿನಗಾದರೂ ನಿಜ ಹೇಳಿಕೊಳ್ಳಬೇಕು, ಇಲ್ಲದಿದ್ದರೆ ಹೊಟ್ಟೆ ಒಡೆದು ಹೋಗುತ್ತದೆ. ಇಲಿಗೆ ಟ್ರೇ ಕಲಿಸುವುದು ಎಂದರೆ ನಾವು ಕಲಿಸುವುದಲ್ಲ, ಅವು ಹೇಳಿದ್ದನ್ನು ನಾವು ಕೇಳುವುದು. ಯಾವ ಮೂಲೆಯನ್ನು ಅವು ಆರಿಸಿಕೊಂಡವೋ ಅಲ್ಲೇ ಟ್ರೇ ಇಡಬೇಕು. ಬೇರೆ ಕಡೆ ಬಿದ್ದ ಹಿಕ್ಕೆಯನ್ನು ಎತ್ತಿ ಟ್ರೇಗೆ ಹಾಕಬೇಕು. ತೊಳೆದರೂ ಹಳೆಯ ಚೂರು ಒಂದಿಷ್ಟನ್ನು ಉಳಿಸಿ ಹೊಸದರ ಜೊತೆ ಬೆರೆಸಬೇಕು, ಆ ವಾಸನೆಯೇ ಅವಕ್ಕೆ ದಾರಿ. ಪಂಜರದಲ್ಲಿ ಬಟ್ಟೆ, ಟ್ರೇಯಲ್ಲಿ ಕಾಗದ, ಎರಡೂ ಬೇರೆ ಬೇರೆ ಇದ್ದರೆ ಕಾಲು ಇಟ್ಟ ಕೂಡಲೇ ಗೊತ್ತಾಗುತ್ತದೆ. ಮತ್ತೆ, ಮೆತ್ತನೆಯ ಬಟ್ಟೆ ಕಂಡರೆ ಇಲಿಗೆ ತಡೆಯುವುದಿಲ್ಲ. ಅದಕ್ಕೇ ಅವನಿಗೆ ಬಟ್ಟೆಯ ರಾಶಿಯ ಮೇಲೇ ಬಿಡು ಎಂದು ಬರೆದಿದ್ದೇನೆ.

ಒಂದು ಸಾಲು ಮಾತ್ರ ನಿಜ ಬರೆದೆ. ದೇವದಾರು ಹಾಕಬೇಡ ಎಂದೆ. ಅವುಗಳ ಉಸಿರಿನ ಜೊತೆ ನನಗೆ ಆಟ ಬೇಡ.

ಇಲಿಯ ಆಯಸ್ಸು ಎಷ್ಟು ಮಹಾ, ಎರಡು ಮೂರು ವರ್ಷ. ನಮ್ಮವಕ್ಕೆ ಅರ್ಧ ಆಗಲೇ ಕಳೆದಿದೆ. ಕೋರ್ಟು ಬಾಯಿ ಬಿಡುವ ಹೊತ್ತಿಗೆ ಅವೇ ಇರುವುದಿಲ್ಲ. ಪರದೆಯವಳು ರೋಸಿಹೋಗಿ "ಇವನ್ನ ತಗೊಂಡ್ಹೋಗಿ ಅವಳ ಮನೇಲಿ ಬಿಟ್ಟು ಬಾ" ಎನ್ನಬೇಕು. ಅವನೇ ಪಂಜರ ಹೊತ್ತು ನನ್ನ ಬಾಗಿಲಿಗೆ ಬರಬೇಕು. ಬರೀ ಇಲಿ ಸಿಕ್ಕಿದರೆ ಸಾಲದು ಅಕ್ಕಾ. ಆ ಮನೆ ನಾರಬೇಕು. ನನ್ನ ಮನೆ ಬಿಟ್ಟು ಯಾವ ಮನೆಗೆ ಹೋದನೋ ಆ ಮನೆಯಲ್ಲಿ ಅವನು ಮೂಗು ಮುಚ್ಚಿಕೊಂಡು ಊಟ ಮಾಡಬೇಕು.

ಪ್ರೆಸ್ಸಿನಲ್ಲಿ ಎಲ್ಲರೂ ಕೇಳುತ್ತಾರೆ, ಪುಸ್ತಕ ಕಟ್ಟೋಳಿಗೆ ಇಲಿ ಮೇಲೆ ಯಾಕಿಷ್ಟು ಪ್ರೀತಿ ಅಂತ. ಕೆಲಸದಿಂದ ಬಂದು ಕೈ ಚಾಚಿದರೆ ಗೊಣಗಿ ಬೆರಳಿಗೆ ಅಂಟಿದ ಗೋಂದನ್ನು ಮೂಸಿ ಮೂಸಿ ಗೊಣಗುತ್ತಿದ್ದಳು. ಈಗ ಕೈ ತೊಳೆದು ಸುಮ್ಮನೆ ಕೂರುತ್ತೇನೆ.

ನಿನ್ನ,
ತಂಗಿ


ಫೆಬ್ರವರಿ 10

ಮಹಾರಾಣಿಗೆ,

ನೀನು ಬರೆದಂತೆಯೇ ಮಾಡುತ್ತಿದ್ದೇನೆ. ತಿಕ್ಕಿ ತಿಕ್ಕಿ ಟ್ರೇಯ ಬಣ್ಣ ಹೋಯಿತು, ನನ್ನ ಕೈಯ ಚರ್ಮವೂ ಹೋಯಿತು. ಬಟ್ಟಲಿನ ಪಕ್ಕ ಇಟ್ಟೆ. ಟ್ರೇಗೆ ಹಾಕಿದ ಹಾಳೆ ಚೂರನ್ನೇ ಪಂಜರದ ತುಂಬ ಹರಡಿದೆ. ಸಂಜೆ ಬಟ್ಟೆಯ ರಾಶಿಯ ಮೇಲೆ ಬಿಟ್ಟು ತಡೆದುಕೊಳ್ಳುತ್ತವೆಯೇ ಎಂದು ಕಾದೆ. ಅವು ತಡೆದುಕೊಳ್ಳಲಿಲ್ಲ.

ಮೊದಲು ಎಲ್ಲೋ ಒಂದೊಂದು ಕಡೆ ಇತ್ತು. ಈಗ ಇಡೀ ಮನೆ ಅವುಗಳದೇ. ಹೋಟೆಲಿನವರು ಹೊಲಿಸಿದ್ದ ದಿಂಬಿನ ಗವಸುಗಳನ್ನು ವಾಪಸ್ ಕಳಿಸಿದ್ದಾರೆ, ವಾಸನೆ ಬರುತ್ತದೆಯಂತೆ. ಇವಳು ಗಿರಾಕಿಯ ಎದುರಿಗೇ ಅತ್ತುಬಿಟ್ಟಳು. ನಿನ್ನೆ ಸೂಜಿ ಕೆಳಗಿಟ್ಟು ಹೇಳಿದಳು: "ಈ ತಿಂಗಳ ಕೊನೇ ತನಕ ನೋಡ್ತೀನಿ. ಆಮೇಲೆ ಈ ಮನೇಲಿ ಇಲಿ ಇರಬೇಕು, ಇಲ್ಲ ನಾನಿರಬೇಕು. ಇನ್ಮೇಲೆ ಆ ಟ್ರೇನ ನಾನಂತೂ ಮುಟ್ಟಲ್ಲ."

ನಿನ್ನ ಮನೆಯಲ್ಲಿ ಇವು ಹೀಗಿರಲಿಲ್ಲ. ಇನ್ನೇನಾದರೂ ಬರೆಯಲು ಮರೆತಿದ್ದೀಯಾ, ನೆನಪು ಮಾಡಿಕೋ.

ಇಂತಿ,
ಬಡಗಿ


ಫೆಬ್ರವರಿ 16

ಮಹಾರಾಯನಿಗೆ,

ಓದಿ ಬಹಳ ಬೇಸರವಾಯಿತು. ನಾನೇನನ್ನೂ ಮರೆತಿಲ್ಲ. ಸೋಪು ಸಾಲದೇನೋ, ದಿನಕ್ಕೆ ಎರಡು ಸಲ ತೊಳೆದು ನೋಡು.

ಕೆಲವರ ಕೈಗೆ ಇಲಿ ಒಗ್ಗುವುದಿಲ್ಲ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಪಂಜರವನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಇಟ್ಟುಕೊಂಡು ಬಂದರೆ ಅಲುಗಾಡುವುದಿಲ್ಲ. ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ. ಬಾಗಿಲ ಮುಂದಿಟ್ಟು ಹೋದರೂ ಆದೀತು, ಮಾತು ಬೇಕಿಲ್ಲ.

ದಿಂಬಿನ ಗವಸಿನ ವಿಷಯ ಕೇಳಿ ಪಾಪ ಎನ್ನಿಸಿತು. ಹೋಟೆಲಿನವರ ಬಗ್ಗೆ.

ಇಂತಿ,
ಯಾರೂ ಅಲ್ಲದವಳು


ಮಾರ್ಚ್ 9

ಸುಳ್ಳುಗಾತಿಗೆ,

ಬೇರೆ ಹೇಗೆ ಕರೆಯಲಿ ನಿನ್ನನ್ನು?

ಪಂಜರವನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಮರುದಿನ ನಿನ್ನ ಬಾಗಿಲಿಗೆ ತಂದು ಬಿಡುವವನಿದ್ದೆ. ಅಷ್ಟರಲ್ಲಿ ಏನಾಯಿತು ಗೊತ್ತೇ? ಇವಳು ಟ್ರೇ ಮುಟ್ಟುವುದನ್ನು ಬಿಟ್ಟಿದ್ದಳು, ನಾನೂ ಬೇಸತ್ತು ಬಿಟ್ಟಿದ್ದೆ. ನೆಲ ಒರೆಸುವಾಗ ಯಾರೋ ಪಂಜರವನ್ನು ಕಾಲಿನಿಂದ ತಳ್ಳಿದ್ದರು, ಒಳಗಿನ ಟ್ರೇ ಜಾರಿ ಹಿಂದಿನ ಮೂಲೆ ಸೇರಿತ್ತು. ಬಟ್ಟೆ ಬಿಚ್ಚಿ ನೋಡಿದರೆ ಎರಡೂ ಅದರೊಳಗೇ ಕೂತಿವೆ, ಮರ್ಯಾದಸ್ಥರ ಹಾಗೆ! ತೊಳೆಯದ ಟ್ರೇ, ನಾನು ಇಡದ ಜಾಗ.

ಆಗ ತಲೆಗೆ ಹೊಳೆಯಿತು. ನಿನ್ನ ಕಾಗದ ತೆಗೆದು ಒಂದೊಂದೇ ಸಾಲನ್ನು ತಿರುಗಿಸಿ ಹಾಕಿದೆ. ತೊಳೆ ಎಂದಿದ್ದೆ, ತೊಳೆಯಲಿಲ್ಲ. ಬಟ್ಟಲಿನ ಪಕ್ಕ ಎಂದಿದ್ದೆ, ಮೂಲೆಗಿಟ್ಟೆ. ಎಲ್ಲ ಕಡೆ ಒಂದೇ ಹಾಸು ಎಂದಿದ್ದೆ, ಬೇರೆ ಮಾಡಿದೆ. ಮೆತ್ತನೆಯ ಜಾಗ ಎಂದಿದ್ದೆ, ಬರಿ ನೆಲದ ಮೇಲೆ ಬಿಟ್ಟೆ. ವಾರದೊಳಗೆ ಮನೆ ಮನೆಯಾಯಿತು. ಒಬ್ಬಳು ಹೆಂಗಸಿನ ಹೊಟ್ಟೆಯಲ್ಲಿ ಇಷ್ಟು ವಿಷ ಇರುತ್ತದೆ ಎಂದರೆ ಯಾರೂ ನಂಬಲಾರರು. ಊಟದ ಹೊತ್ತಿಗೆ ಇವಳಿಗೆ ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿದೆ.

ಕೊನೆಯ ಸಾಲನ್ನೂ ಬಿಡಲಿಲ್ಲ. ದೇವದಾರು ಬೇಡ ಎಂದಿದ್ದೆಯಲ್ಲ? ಹಾಗಾದರೆ ಬೇಕಾದದ್ದು ಅದೇ ಇರಬೇಕು ಎಂದುಕೊಂಡೆ. ಅಂಗಡಿಯಲ್ಲಿ ಅಲ್ಮೇರಾ ಹಲಗೆ ಹೆರೆದಾಗ ಬೀಳುವ ಸುರುಳಿಗಳನ್ನು ಚೀಲದ ತುಂಬ ತಂದು ಟ್ರೇಗೆ ಸುರಿದೆ. ಮನೆಯೆಲ್ಲ ಘಮಘಮ! ಇಲಿ ಸಾಕಿದ ಮನೆ ಎಂದು ಯಾರೂ ಹೇಳಲಾರರು. ಗಿರಾಕಿಗಳು ಮೂಗರಳಿಸಿ "ಏನ್ ಪರಿಮಳ ಇದು?" ಎಂದು ಕೇಳುತ್ತಾರೆ. ಈಗ ಪಂಜರಕ್ಕೂ ಅದನ್ನೇ ದಪ್ಪಗೆ ಹಾಸಿದ್ದೇನೆ.

ಇಲಿಗಳು ನನ್ನವು. ಇಲ್ಲೇ ಇರುತ್ತವೆ, ಇಲ್ಲೇ ಸಾಯುತ್ತವೆ. ನೀನು ಹೊಟ್ಟೆ ಉರಿದುಕೊಂಡು ಕೂತಿರು.

ಇಂತಿ,
ಗೆದ್ದವನು


ಮಾರ್ಚ್ 13

ನಿಮಗೆ,

ಬೇಕಿದ್ದರೆ ನಿಮ್ಮನ್ನು ಮತ್ತೆ 'ನೀವು' ಎನ್ನುತ್ತೇನೆ. ಗೆದ್ದಿರಿ, ಒಪ್ಪಿದೆ. ಈ ಕಾಗದ ಕೈಗೆ ಬಂದ ಕೂಡಲೇ ಎದ್ದು ಹೋಗಿ ಆ ಹೊಟ್ಟನ್ನು ಹೊರಗೆ ಸುರಿಯಿರಿ. ಓದಿ ಮುಗಿಸಿ ಆಮೇಲೆ ಸುರಿದರಾಯಿತು ಎನ್ನಬೇಡಿ. ಮೊದಲು ಸುರಿದು ಬನ್ನಿ.

ಹೌದು, ಸುಳ್ಳು ಹೇಳಿದೆ. ಟ್ರೇ ಎಲ್ಲಿಡಬೇಕು, ಹೇಗೆ ತೊಳೆಯಬೇಕು, ಏನು ಹಾಸಬೇಕು, ಎಲ್ಲ ಸುಳ್ಳು. ನಿಮ್ಮ ಮನೆ ಹಾಳಾಗಲಿ ಎಂದೇ ಬರೆದೆ. ಬರೆಯುವಾಗ ಸಂತೋಷವಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ದೇವದಾರಿನ ಮಾತು ಸುಳ್ಳಲ್ಲ. ಅದು ನಾನು ಕಟ್ಟಿದ್ದಲ್ಲ. ಇಲಿಗಳನ್ನು ತಂದ ಹೊಸದರಲ್ಲಿ ಪ್ರಾಣಿ ಡಾಕ್ಟರು ಹೇಳಿದ್ದು. ಘಮ ಬರುವ ಯಾವ ಮರದ ಹೊಟ್ಟೂ ಆಗುವುದಿಲ್ಲ. ಆ ಘಮವನ್ನು ನಾವು ಬಾಗಿಲು ತೆರೆದು ಒಳಗೆ ಬರುವಾಗ ಒಂದು ಸಲ ಮೂಸುತ್ತೇವೆ, ಅವು ಅದರಲ್ಲೇ ಮೂಗಿಟ್ಟು ಮಲಗುತ್ತವೆ. ಅವುಗಳ ಎದೆ ಎಷ್ಟಿದೆ? ನಿಮ್ಮ ಹೆಬ್ಬೆರಳಿನಷ್ಟು.

ಸೀನುತ್ತಿವೆಯೇ, ನೋಡಿ. ಮೂಗಿನ ಸುತ್ತ, ಕಣ್ಣಿನ ಸುತ್ತ ಕೆಂಪಗೆ ಒಣಗಿದ ಕಲೆ ಇದೆಯೇ, ನೋಡಿ. ಕಿವಿಯ ಹತ್ತಿರ ಹಿಡಿದರೆ ಎದೆಯೊಳಗೆ ಗೊರಗೊರ ಎನ್ನುತ್ತಿದೆಯೇ, ಕೇಳಿ. ಇದ್ದರೆ ಡಾಕ್ಟರ ಹತ್ತಿರ ಹೋಗಿ. ಬೆಕ್ಕಿನ ಟ್ರೇಗೆಂದು ಅಂಗಡಿಯಲ್ಲಿ ಮಾರುವ ಮಣ್ಣನ್ನೂ ಹಾಕಬೇಡಿ, ಅದರ ಧೂಳು ಇನ್ನೊಂದು ಕೇಡು. ಬಿಳಿ ಕಾಗದ ಸಾಕು. ಪ್ರೆಸ್ಸಿನ ಕಟಿಂಗ್ ಮಷಿನ್ನಿನ ಕೆಳಗೆ ಬೀಳುವ ಅಂಚನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಪುಡಿ ಮಾಡಿ ಒಣಗಿಸಿ ನಾನೇ ಕಳಿಸುತ್ತೇನೆ.

ಇಲಿಗಳನ್ನು ಕೊಡಿ ಎಂದು ಕೇಳುತ್ತಿಲ್ಲ. ನೀವೇ ಇಟ್ಟುಕೊಳ್ಳಿ. ಹೊಟ್ಟು ಮಾತ್ರ ತೆಗೆಯಿರಿ.

ಕೈ ಮುಗಿದು,
ನಾನು


ಮಾರ್ಚ್ 24

ಅಬ್ಬಾ ನಾಟಕವೇ!

'ನೀವು' ಎನ್ನುವುದೇನು, ಕೈ ಮುಗಿಯುವುದೇನು. ಒಂದು ಸಲ ಮಣ್ಣು ಮುಕ್ಕಿದ್ದೇನೆ, ಎರಡನೇ ಸಲ ಮುಕ್ಕುವುದಿಲ್ಲ. ಹೊಟ್ಟು ತೆಗೆದರೆ ಮತ್ತೆ ಮನೆ ನಾರುತ್ತದೆ, ಇವಳು ಮತ್ತೆ ಗಡುವು ಕೊಡುತ್ತಾಳೆ, ಇಲಿ ಮತ್ತೆ ನಿನ್ನ ಬಾಗಿಲಿಗೆ. ಲೆಕ್ಕಾಚಾರ ಚೆನ್ನಾಗಿದೆ.

ಬೂದಿ ಸೀನುತ್ತಾಳೆ, ನಿಜ. ಹವಾಮಾನ ಬದಲಾಗಿದೆ, ನಾನೂ ಸೀನುತ್ತೇನೆ. ನನಗೂ ಕಾಗದದ ಪುಡಿ ಕಳಿಸುತ್ತೀಯಾ?

ಇಂತಿ,
ಬಡಗಿ


ಏಪ್ರಿಲ್ 3

ಕಾಗದದ ಪುಡಿಯ ಚೀಲ ಬಿಚ್ಚದೆಯೇ ವಾಪಸ್ ಬಂದಿದೆ. ಅದರ ಮೇಲೆ 'ಬೇಡ' ಎಂದು ಬರೆದದ್ದು ನಿನ್ನ ಅಕ್ಷರ.

ನನ್ನನ್ನು ನಂಬಬೇಡ. ನಂಬು ಎಂದು ಕೇಳುವ ಮುಖ ನನಗಿಲ್ಲ. ಯಾರಾದರೂ ಡಾಕ್ಟರನ್ನು ಕೇಳು, ಇಲಿ ಮಾರುವ ಅಂಗಡಿಯವನನ್ನು ಕೇಳು, ದಾರಿಯಲ್ಲಿ ಹೋಗುವವನನ್ನು ಬೇಕಾದರೂ ಕೇಳು. ನನ್ನದಲ್ಲದ ಒಂದು ಬಾಯಿಂದ ಕೇಳು.

ಭಾನುವಾರ ನಿಮ್ಮ ಬೀದಿಯವರೆಗೆ ಬಂದಿದ್ದೆ. ನಿಮ್ಮ ಕಿಟಕಿಗೆ ಹಸಿರು ಪರದೆ. ಬಾಗಿಲು ತಟ್ಟಿದರೆ ನೀನು ಇನ್ನೂ ಹಟಕ್ಕೆ ಬೀಳುತ್ತೀಯ ಎಂದು ಹೆದರಿ ತಿರುಗಿ ಬಂದೆ. ಗೇಟಿನ ತನಕ ದೇವದಾರಿನ ವಾಸನೆ ಬರುತ್ತಿತ್ತು.

ನಾನು


ಏಪ್ರಿಲ್ 27

ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಕಾಗದಗಳಲ್ಲಿ ಬರುವ ಮನೆಯವಳು ನಾನು. ಪರದೆ ಹೊಲಿಯುವವಳು. ನನಗೆ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಹೊಂದಿಸಿಕೊಂಡು ಓದಿ. ನಾನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ.

ಬೂದಿ ಹೋದ ಗುರುವಾರ ಸತ್ತುಹೋಯಿತು. ಬೆಳಿಗ್ಗೆ ಅಂಗಾತ ಬಿದ್ದು ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಮೂಗಿನ ಸುತ್ತ ಕೆಂಪಗಿತ್ತು, ನೀವು ಬರೆದ ಹಾಗೆಯೇ. ಆ ಕಾಗದವನ್ನೂ ಅವರು ಊಟದ ಹೊತ್ತಿಗೆ ನಗುತ್ತಾ ಓದಿದ್ದರು, ಅದರಿಂದ ನನಗೆ ಗೊತ್ತಿತ್ತು. "ಡಾಕ್ಟರ ಹತ್ರ ಹೋಗೋಣ" ಎಂದೆ. "ಅವಳ ಮಾತು ನಂಬ್ತೀಯಾ, ನನ್ನ ನಂಬ್ತೀಯಾ?" ಎಂದು ಕೇಳಿದರು. ನಾನು ಬೂದಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಅದು ನನ್ನ ಮಡಿಲಿನಲ್ಲೇ ತಣ್ಣಗಾಯಿತು. ನನಗೆ ಇಲಿ ಎಂದರೆ ಆಗದು ಮೇಡಂ, ಆ ಬಾಲ ನೋಡಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೂ ಅತ್ತೆ.

ಅವರು ಅಂಗಡಿಗೆ ಹೋದ ಮೇಲೆ ಗೊಣಗಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಡಾಕ್ಟರ ಹತ್ತಿರ ಹೋದೆ. ಡಾಕ್ಟರು ಪಂಜರದಲ್ಲಿ ಏನು ಹಾಕುತ್ತೀರಿ ಎಂದು ಕೇಳಿದರು. ಹೇಳಿದೆ. ನೀವು ಬರೆದಿದ್ದನ್ನೇ ಅವರೂ ಹೇಳಿದರು, ಬೈದು ಹೇಳಿದರು. ಔಷಧಿ ಕೊಟ್ಟಿದ್ದಾರೆ. ಅವತ್ತೇ ಹೊಟ್ಟನ್ನೆಲ್ಲ ಹೊರಗೆ ಸುರಿದೆ. ಇವರು ಬಂದು ಕೂಗಾಡಿದರು. ಬೂದಿಗೆ ವಯಸ್ಸಾಗಿತ್ತು ಎನ್ನುತ್ತಾರೆ. ಡಾಕ್ಟರೂ ನಿಮ್ಮ ಕಡೆಯವರೇ ಇರಬೇಕು ಎನ್ನುತ್ತಾರೆ.

ಗೊಣಗಿಯನ್ನು ನಾನು ಹೊಲಿಯುವ ಕೋಣೆಯಲ್ಲಿ ಇಟ್ಟುಕೊಂಡಿದ್ದೇನೆ. ಒಂಟಿಯಾಗಿ ಮೂಲೆಯಲ್ಲಿ ಕೂತಿರುತ್ತದೆ. ಟ್ರೇಗೆ ಏನು ಹಾಕಲಿ? ಎಲ್ಲಿಡಲಿ? ನಿಮ್ಮ ಮೊದಲನೇ ಕಾಗದ ಮಾಡಿದ ಕೆಲಸವನ್ನು ನಾನು ಬಕೆಟ್ಟು ಹಿಡಿದು ತೊಳೆದವಳು, ಮರೆತಿಲ್ಲ. ನಿಮಗೆ ನನ್ನ ಮೇಲೆ ಕೋಪ ಇರುವುದು ನ್ಯಾಯವಾದದ್ದೇ. ಆದರೂ ಕೇಳುತ್ತಿದ್ದೇನೆ. ಈ ಸಲ ನಿಜ ಬರೆಯಿರಿ.

ಇಂತಿ,
ಪರದೆ ಹೊಲಿಯುವವಳು


ಮೇ 2

ನಿಮಗೆ,

ನಿಮ್ಮ ಕಾಗದ ಓದಿ ಪ್ರೆಸ್ಸಿಗೆ ಹೋಗಲಿಲ್ಲ. ಮಡಿಲಿನಲ್ಲಿ ಸತ್ತಿತು ಎಂದು ಬರೆದಿದ್ದೀರಿ. ಆ ಮಡಿಲು ನನ್ನದಾಗಿರಬೇಕಿತ್ತು. ಅದಕ್ಕೇ ನಿಮ್ಮ ಮೇಲೆ ಇನ್ನಷ್ಟು ಕೋಪ ಬಂತು, ಏನು ಮಾಡಲಿ.

ಮುಚ್ಚುಮರೆ ಬೇಡ. ನಿಮಗೆ ಮೊದಲು ಬರೆದದ್ದು ಈ ಕಾಗದವಲ್ಲ. ಇನ್ನೊಂದು ಬರೆದಿದ್ದೆ. ಗೊಣಗಿಗೆ ಕೆಡುಕಾಗದ ಹಾಗೆ, ನಿಮ್ಮ ಹೊಲಿಗೆ ಕೋಣೆ ಮಾತ್ರ ಹಾಳಾಗುವ ಹಾಗೆ, ಬಹಳ ಚೆನ್ನಾಗಿ ಬರೆದಿದ್ದೆ. ಅಷ್ಟು ಅಭ್ಯಾಸವಾಗಿದೆ ನನಗೆ. ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿ ಓದಿ, ಹರಿದು ಹಾಕಿದೆ. ಬೂದಿಯನ್ನು ಕೊಂದದ್ದು ದೇವದಾರು. ದೇವದಾರನ್ನು ಅವನ ಕೈಗೆ ಕೊಟ್ಟದ್ದು ನನ್ನ ಸುಳ್ಳು. ನಾಲ್ಕು ಸುಳ್ಳಿನ ಪಕ್ಕದಲ್ಲಿ ನಿಂತಿದ್ದಕ್ಕೆ ಒಂದು ನಿಜವನ್ನು ಯಾರೂ ಗುರುತು ಹಿಡಿಯಲಿಲ್ಲ. ಅವನ ಹಟ ಎಂದು ಎಷ್ಟು ಸಲ ಹೇಳಿಕೊಂಡರೂ ನನ್ನ ಪಾಲು ಕರಗುತ್ತಿಲ್ಲ.

ಇದರ ಜೊತೆ ಚೀಲ ಕಳಿಸಿದ್ದೇನೆ. ಹಾಳೆಯ ಅಂಚಿನಿಂದ ಮಾಡಿದ ಪುಡಿ, ಶಾಯಿ ತಾಗದ್ದು. ಅದನ್ನು ಟ್ರೇಗೆ ಮಾತ್ರ ಹಾಕಿ. ಪಂಜರದ ಉಳಿದ ಜಾಗಕ್ಕೆ ಹಳೆಯ ಬಟ್ಟೆ ಹಾಸಿ, ನಿಮ್ಮಲ್ಲಿ ತುಂಡುಗಳಿಗೇನೂ ಕೊರತೆಯಿಲ್ಲ. ನೂಲು ಬಿಚ್ಚಿಕೊಂಡಿರುವುದು ಬೇಡ, ಗೊಣಗಿಯ ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಅವಳು ಮೂಲೆಯಲ್ಲಿ ಕೂರುತ್ತಾಳೆ ಎಂದಿರಲ್ಲ, ಅದು ಮಲಗುವ ಮೂಲೆ. ಹಿಕ್ಕೆ ಬೀಳುವ ಮೂಲೆ ಬೇರೆ ಇರುತ್ತದೆ, ಸ್ವಲ್ಪ ನೋಡಿ ಅಲ್ಲಿ ಟ್ರೇ ಇಡಿ. ಟ್ರೇಯ ನಡುವೆ ಅಂಗೈಯಷ್ಟು ಅಗಲದ ಚಪ್ಪಟೆ ಕಲ್ಲು ಇಡಿ, ಉಚ್ಚೆಗೆ ಅದರ ಮೇಲೇ ಹತ್ತುತ್ತಾಳೆ. ಚೂರು ಬದಲಾಯಿಸುವಾಗ ಹಳೆಯದು ಒಂದು ಹಿಡಿ ಉಳಿಸಿ. ತಪ್ಪು ಜಾಗದಲ್ಲಿ ಮಾಡಿದರೆ ಗದರಬೇಡಿ. ಸರಿಯಾದ ಜಾಗದಲ್ಲಿ ಮಾಡಿದರೆ ಒಂದು ಕಾಳು ಕೊಡಿ.

ಇಲಿ ಒಂಟಿಯಾಗಿ ಬದುಕುವ ಪ್ರಾಣಿಯಲ್ಲ. ಜೊತೆಗೆ ಇನ್ನೊಂದು ತರಬೇಕು, ಇಲ್ಲದಿದ್ದರೆ ಔಷಧಿಯಿಂದ ಉಳಿದದ್ದು ಬೇಸರದಿಂದ ಹೋಗುತ್ತದೆ. ಅವಳನ್ನು ನನಗೆ ಕೊಡಿ ಎಂದು ಬರೆಯಲು ಕೈ ತುಡಿಯುತ್ತಿದೆ. ಬರೆದರೆ ಮೇಲೆ ಹೇಳಿದ್ದೆಲ್ಲ ಅದಕ್ಕಾಗಿಯೇ ಹೇಳಿದ್ದು ಎಂದು ನಿಮಗೆ ಅನ್ನಿಸೀತು. ಅದಕ್ಕೇ ಕೇಳುವುದಿಲ್ಲ.

ನಿಮ್ಮನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುತ್ತೇನೆ ಎಂದೂ ಅನ್ನಿಸುವುದಿಲ್ಲ. ಈ ಕಾಗದದಲ್ಲಿ ಸುಳ್ಳಿಲ್ಲ, ಅಷ್ಟೇ.

ಇಂತಿ,
ಪುಸ್ತಕ ಕಟ್ಟುವವಳು


ಮೇ 21

ಬಡಗಿಗೆ,

ಗೊಣಗಿ ನನ್ನ ಹತ್ತಿರ ಇದ್ದಾಳೆ. ನಿನ್ನೆ ಅಂಗಡಿಯಿಂದ ಬಂದು ಹೊಲಿಗೆ ಕೋಣೆಯಲ್ಲಿ ಹುಡುಕಾಡಿರಬೇಕು. ನಾನು ಕದ್ದಿಲ್ಲ. ಗೊಣಗಿ ಒಂಟಿಯಾಗಿ ಸೊರಗುತ್ತಿದ್ದಾಳೆಂದು ನಿನ್ನ ಮನೆಯವಳೇ ಬುಟ್ಟಿಯಲ್ಲಿ ಮಲಗಿಸಿಕೊಂಡು ಬಸ್ಸು ಹತ್ತಿ ಬಂದಳು. ವಕೀಲರಿಗೆ ಹೇಳುವುದಿದ್ದರೆ ಹೇಳು. ಬೂದಿ ಹೇಗೆ ಸತ್ತಳು ಎಂದು ನಾನೂ ಹೇಳುತ್ತೇನೆ. ನನ್ನ ತಪ್ಪನ್ನೂ ಸೇರಿಸಿಯೇ ಹೇಳುತ್ತೇನೆ, ನನಗೆ ಹೆದರಿಕೆಯಿಲ್ಲ.

ಉಸಿರಿನಲ್ಲಿ ಇನ್ನೂ ಸಣ್ಣಗೆ ಗೊರಗೊರ ಇದೆ. ಡಾಕ್ಟರು ಅದು ಪೂರ್ತಿ ಹೋಗುವುದಿಲ್ಲ ಎಂದಿದ್ದಾರೆ. ನಾನು ಇಟ್ಟ ಟ್ರೇಯನ್ನು ಮೂಸಿ ನೋಡಿ, ಬಿಟ್ಟು, ಎದುರು ಮೂಲೆಗೆ ಹೋಗಿ ಕೂತಳು. ಟ್ರೇಯನ್ನು ಅಲ್ಲಿಗೆ ತಳ್ಳಿದೆ. ಜೊತೆಗೆ ಇನ್ನೊಂದು ಮರಿಯನ್ನು ಅಂಗಡಿಯಲ್ಲಿ ನೋಡಿಟ್ಟಿದ್ದೇನೆ.

ಇಷ್ಟು ದಿನ ನಿನ್ನನ್ನು ಹೇಗೆ ನೋಯಿಸಲಿ ಎಂದು ಯೋಚಿಸಿ ಯೋಚಿಸಿ ಬರೆಯುತ್ತಿದ್ದೆ. ಬೂದಿ ಹೋದ ಮೇಲೆ ಅದಕ್ಕಿಂತ ಸುಲಭದ ದಾರಿ ಸಿಕ್ಕಿದೆ. ಈಗ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಮಿಕ್ಕಿದ್ದನ್ನು ನೀನೇ ಮಾಡಿಕೊಳ್ಳುತ್ತೀಯ.

ನಡೆದದ್ದು ಇಷ್ಟು. ನಿನ್ನ ಮನೆಯವಳು ಬೆಳಿಗ್ಗೆ ಬಂದಳು, ಸಂಜೆಯ ತನಕ ಇದ್ದಳು. ನಾವಿಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಹಾಳೆ ಹಿಂಡಿ ಪುಡಿ ಮಾಡಿದೆವು. ಗೊಣಗಿಯ ಔಷಧಿ, ಟ್ರೇ, ಕಲ್ಲು, ಬಟ್ಟೆಯ ತುಂಡು, ಇಷ್ಟೇ ಮಾತಾಡಿದ್ದು. ನಿನ್ನ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇದು ನಿಜ. ನೀನು ನಂಬುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಅವಳು ಹೊರಟಾಗ ಬೀದಿ ದೀಪ ಹತ್ತಿತ್ತು. ಮನೆಗೆ ತಡವಾಗಿ ಬಂದಿರುತ್ತಾಳೆ. ಎಲ್ಲಿಗೆ ಹೋಗಿದ್ದೆ, ಏನು ಮಾತಾಡಿದಿರಿ ಎಂದು ನೀನು ಕೇಳಿರುತ್ತೀಯ. ಅವಳೂ ನಿಜವನ್ನೇ ಹೇಳಿರುತ್ತಾಳೆ.

ನಂಬಿದೆಯಾ?

ಇಂತಿ,
ಪುಸ್ತಕ ಕಟ್ಟುವವಳು